ಒಪ್ಪುವ ಮಾತು, ಒಪ್ಪದ ಮಾತು: ಸ್ಪ್ಯಾನಿಷ್ ಮತ್ತು ಇಂಗ್ಲಿಷಿನಲ್ಲಿ

ಇಂದಿನ ಭಾಷಣದ ಶೀರ್ಷಿಕೆ ಕೇಳಿ ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದಿರಬಹುದು. ಕಾಸರಗೋಡಿನ ಹಳ್ಳಿಯಲ್ಲಿ ಅಡಿಕೆ ತೋಟದ ನಡುವೆ ಕುಳಿತುಕೊಂಡು ಸ್ಪ್ಯಾನಿಷ್ ಭಾಷೆಯ ಹೌದು–ಅಲ್ಲಗಳ ಚರ್ಚೆ ಯಾಕಪ್ಪಾ ಎಂದು. ಆದರೆ ನಮ್ಮ ಉದುಮ, ಕೋಟಿಕುಳಂ, ಬೇಕಲದ ಕಡೆಯಿಂದ ಹಡಗಿನ ಕೆಲಸಕ್ಕೆ ಹೋದವರು ಒಬ್ಬಿಬ್ಬರಲ್ಲ. ನನ್ನ ತಂಗಿಯ ಮಗನೂ ಹಾಗೆ ಹೋದವನೇ. ಹಡಗಿನೊಳಗೆ ಕೆಲಸದ ಭಾಷೆ ಇಂಗ್ಲಿಷ್. ಆದರೆ ಹಡಗು ಹೋಗಿ ನಿಲ್ಲುವ ಬಂದರು ಸ್ಪೇನಿನ ಅಲ್ಹೆಸಿರಾಸ್ ಆಗಿರಬಹುದು, ಪೆರುವಿನ ಕಯ್ಯಾವೊ ಆಗಿರಬಹುದು, ಚಿಲಿಯ ವಾಲ್ಪರೈಸೊ ಆಗಿರಬಹುದು. ಅಲ್ಲೆಲ್ಲ ನಡೆಯುವುದು ಸ್ಪ್ಯಾನಿಷ್. 20 ಸ್ವತಂತ್ರ ರಾಷ್ಟ್ರಗಳಲ್ಲಿ ಅಧಿಕೃತ ಭಾಷೆಯಾಗಿರುವ ನುಡಿ ಅದು, ಸಣ್ಣದೇನಲ್ಲ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಸ್ಪ್ಯಾನಿಷ್ ಕಲಿಯಲು ಹೊರಟದ್ದು ನಿವೃತ್ತಿಯ ಮೇಲೆ, ಸೋದರಳಿಯ ಮನೆಯಲ್ಲಿ ಬಿಟ್ಟುಹೋದ ಪುಸ್ತಕಗಳ ದೆಸೆಯಿಂದ. ಅವನು ರಜೆಯಲ್ಲಿ ಬಂದಾಗ ಹೇಳಿದ ಒಂದು ಸಂಗತಿಯಿಂದಲೇ ಇವತ್ತಿನ ಮಾತು ಆರಂಭಿಸುತ್ತೇನೆ.

ಹಡಗಿನ ಊಟದ ಮೇಜು. ಎದುರಿಗೆ ಕುಳಿತ ಸ್ಪೇನಿನ ಇಂಜಿನಿಯರ್ ತಟ್ಟೆಯನ್ನು ದೂರ ಸರಿಸಿ, ‘ನೊ ಮೆ ಗುಸ್ತಾ ಎಲ್ ಕೇಸೊ’ ಎಂದರಂತೆ. ನನಗೆ ಚೀಸ್ ಇಷ್ಟವಿಲ್ಲ ಎಂದು ಅರ್ಥ. ನಮ್ಮ ಹುಡುಗನಿಗೂ ಚೀಸ್ ಸೇರದು. ‘ನನಗೂ ಸೇರುವುದಿಲ್ಲ’ ಎನ್ನುವ ಉತ್ಸಾಹದಲ್ಲಿ ‘ಯೊ ತಾಂಬಿಯೆನ್ ನೊ’ ಎಂದುಬಿಟ್ಟ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ‘ನಾನು ಕೂಡ ಅಲ್ಲ’ ಎಂಬಂತಹ ಒಂದು ಮುರುಕು ವಾಕ್ಯ ಅದು. ಸರಿಯಾದ ಉತ್ತರ ಎರಡೇ ತುಂಡು: ‘ಆ ಮಿ ತಾಂಪೋಕೊ.’

ಇಲ್ಲಿ ತಪ್ಪು ಎರಡು. ಎರಡನೆಯದನ್ನು ಮೊದಲು ಹೇಳುತ್ತೇನೆ. ‘ಕೂಡ’ ಎನ್ನಲು ಸ್ಪ್ಯಾನಿಷಿನಲ್ಲಿ ಎರಡು ಪದಗಳಿವೆ. ಇರುವುದಕ್ಕೆ ಇರುವುದನ್ನು ಕೂಡಿಸಿದರೆ ‘ತಾಂಬಿಯೆನ್’. ಇಲ್ಲದ್ದಕ್ಕೆ ಇಲ್ಲದ್ದನ್ನು ಕೂಡಿಸಿದರೆ ‘ತಾಂಪೋಕೊ’. ಈ ‘ತಾಂಪೋಕೊ’ದ ಹೊಟ್ಟೆಯಲ್ಲೇ ‘ಇಲ್ಲ’ ಇದೆ. ಮತ್ತೊಮ್ಮೆ ‘ನೊ’ ಬೇಡ. ನಮಗೆ ‘ನನಗೂ ಇಷ್ಟ’, ‘ನನಗೂ ಇಷ್ಟವಿಲ್ಲ’ ಎರಡಕ್ಕೂ ಅದೇ ಒಂದು ‘ಊ’ ಸಾಕಾಗುತ್ತದೆ. ಇದು ಹೊಸತಾಗಿ ಕಲಿಯಬೇಕಾದ್ದು. ತಪ್ಪಿದರೆ ಹುಡುಗನನ್ನು ದೂರುವಂತಿಲ್ಲ.

ಮೊದಲನೆಯ ತಪ್ಪು ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ಅವನು ‘ಯೊ’ ಎಂದ, ಅಂದರೆ ‘ನಾನು’. ಬೇಕಾಗಿದ್ದದ್ದು ‘ಆ ಮಿ’, ಅಂದರೆ ‘ನನಗೆ’. ಸ್ಪ್ಯಾನಿಷಿನಲ್ಲಿ ಚೀಸನ್ನು ನಾನು ಇಷ್ಟಪಡುವುದಲ್ಲ. ಚೀಸ್ ನನಗೆ ಇಷ್ಟವಾಗುವುದು. ಕೇಳಿದಿರಲ್ಲ, ಇದು ಅಪ್ಪಟ ಕನ್ನಡದ ಕ್ರಮ! ‘ನನಗೆ ಇಷ್ಟ’, ‘ನನಗೆ ಹಸಿವು’, ‘ನನಗೆ ಗೊತ್ತು’ ಎನ್ನುವ ನಮಗೆ ಚತುರ್ಥಿ ವಿಭಕ್ತಿ ಬಾಯಿಪಾಠವಲ್ಲ, ಬಾಯಿಯ ಅಭ್ಯಾಸ. ಮಲಯಾಳದಲ್ಲಿ ‘ಎನಿಕ್ಕ್’, ತುಳುವಿನಲ್ಲಿ ‘ಎಂಕ್’, ಸೊಲ್ಲಾಪುರದ ಕಡೆಯ ನಮ್ಮ ಬಂಧುಗಳು ದಿನವೂ ಕೇಳುವ ಮರಾಠಿಯಲ್ಲಿ ‘ಮಲಾ’. ಗಡಿಯಲ್ಲಿರುವ ನಾವು ಯಾವ ದಿಕ್ಕಿಗೆ ತಿರುಗಿದರೂ ಈ ‘ನನಗೆ’ ಸಿಗುತ್ತದೆ. ಹಾಗಾದರೆ ಹುಡುಗ ಎಡವಿದ್ದೆಲ್ಲಿ? ಅವನು ಸ್ಪ್ಯಾನಿಷಿಗೆ ಇಂಗ್ಲಿಷಿನ ಸೇತುವೆ ದಾಟಿ ಹೋಗಿದ್ದ. ಇಂಗ್ಲಿಷಿನವರ ‘ಐ ಲೈಕ್’ ಎಂಬಲ್ಲಿ ‘ನಾನು’ ಇದೆ. ಅದನ್ನು ಹೊತ್ತುಕೊಂಡು ಹೋಗಿ ಸ್ಪ್ಯಾನಿಷಿನಲ್ಲಿ ಇಳಿಸಿದ. ಮನೆಯ ಮಾತಿನಿಂದ ನೇರವಾಗಿ ಹೊರಟಿದ್ದರೆ ತಪ್ಪು ಅರ್ಧಕ್ಕೆ ಇಳಿಯುತ್ತಿತ್ತು. ಇಂಗ್ಲಿಷ್ ಮೇಷ್ಟರಾದ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೇ ಆಯಿತು, ಯಾಕೆಂದರೆ ಆ ಸೇತುವೆ ಕಟ್ಟಿಕೊಟ್ಟವನು ನಾನೇ.

ಈಗ ನಾಲ್ಕು ಉತ್ತರಗಳನ್ನು ನೋಡೋಣ. ಎದುರಿಗಿರುವವರು ‘ಮೆ ಗುಸ್ತಾ’ ಎಂದರು, ಅಂದರೆ ಇಷ್ಟ. ನನಗೂ ಇಷ್ಟವಾದರೆ ‘ಆ ಮಿ ತಾಂಬಿಯೆನ್’. ನನಗೆ ಇಷ್ಟವಿಲ್ಲದಿದ್ದರೆ ‘ಆ ಮಿ ನೊ’. ಅವರು ‘ಇಷ್ಟವಿಲ್ಲ’ ಎಂದಾಗ ನನಗೂ ಇಲ್ಲವಾದರೆ ‘ಆ ಮಿ ತಾಂಪೋಕೊ’. ಅವರಿಗೆ ಇಲ್ಲ, ನನಗೆ ಇಷ್ಟ ಎಂದಾದರೆ ‘ಆ ಮಿ ಸಿ’. ಮಾತಿನ ಕ್ರಿಯಾಪದ ‘ನಾನು’ ಎಂಬುದರ ಮೇಲೆ ನಿಂತಿದ್ದರೆ, ಉದಾಹರಣೆಗೆ ‘ನಾನು ಕಾಫಿ ಕುಡಿಯುತ್ತೇನೆ’ ಎಂಬಲ್ಲಿ, ‘ಆ ಮಿ’ ಜಾಗದಲ್ಲಿ ‘ಯೊ’ ಹಾಕಿದರಾಯಿತು. ನಾವು ‘ನಾನೂ’, ‘ನನಗೂ’ ಎಂದು ಬದಲಿಸುವ ಹಾಗೆಯೇ.

ಇದೇ ನಾಲ್ಕು ಉತ್ತರಗಳನ್ನು ಇಂಗ್ಲಿಷಿನಲ್ಲಿ ಕಲಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ‘ಐ ಲೈಕ್’ ಎಂದರೆ ‘ಸೋ ಡು ಐ’. ‘ಐ ಆಮ್ ಟಯರ್ಡ್’ ಎಂದರೆ ‘ಸೋ ಆಮ್ ಐ’. ‘ಐ ಕಾಂಟ್’ ಎಂದರೆ ‘ನೈದರ್ ಕ್ಯಾನ್ ಐ’. ಎದುರಿನವರ ವಾಕ್ಯದ ಬಾಲದಲ್ಲಿ ಯಾವ ಸಹಾಯಕ ಕ್ರಿಯಾಪದ ಅಡಗಿದೆಯೆಂದು ಹುಡುಕಿ, ಅದನ್ನೇ ಹಿಡಿದು ತಿರುಗಿಸಿ ಕೊಡಬೇಕು. ಒಪ್ಪಿಗೆ ಕೇಳುವಾಗಲೂ ಇದೇ ಕಥೆ. ‘ಇಟ್ಸ್ ಕೋಲ್ಡ್, ಇಸಂಟ್ ಇಟ್?’, ‘ಯು ನೋ ಹಿಮ್, ಡೋಂಟ್ ಯು?’ ಪ್ರತಿ ವಾಕ್ಯಕ್ಕೂ ಬೇರೆ ಬಾಲ. ಕನ್ನಡದಲ್ಲಿ ‘ಅಲ್ಲವೇ?’ ಎಂಬ ಒಂದೇ ಬಾಲ ಎಲ್ಲಕ್ಕೂ ಸಾಕು. ಸ್ಪ್ಯಾನಿಷಿನಲ್ಲೂ ಹಾಗೆಯೇ: ‘ಬೆರ್ದಾದ್?’ ಅಂದರೆ ‘ನಿಜ ತಾನೇ?’, ಅಥವಾ ಬರೇ ‘ನೊ?’ ನಾವು ಭಾರತೀಯರು ಇಂಗ್ಲಿಷ್ ಮಾತನಾಡುವಾಗ ಎಲ್ಲ ವಾಕ್ಯಕ್ಕೂ ‘ಇಸಂಟ್ ಇಟ್’ ಅಥವಾ ‘ನೋ?’ ಅಂಟಿಸುತ್ತೇವೆಂದು ಗೇಲಿ ಮಾಡುವವರಿದ್ದಾರೆ. ನಮ್ಮ ‘ಅಲ್ಲವೇ’ ಕೋಟು ಹಾಕಿಕೊಂಡು ಹೋದದ್ದು ಅದು. ನಾನೂ ತರಗತಿಯಲ್ಲಿ ಕೆಂಪು ಶಾಯಿಯಿಂದ ಅದನ್ನು ಎಷ್ಟೋ ಸಲ ಹೊಡೆದುಹಾಕಿದ್ದೇನೆ. ಈಗಾದರೆ ಹೊಡೆಯುವ ಮೊದಲು ಎರಡು ಸಲ ಯೋಚಿಸುತ್ತಿದ್ದೆ.

‘ಒಪ್ಪುತ್ತೇನೆ’ ಎಂಬ ಮಾತಿಗೇ ಬರೋಣ. ಇಂಗ್ಲಿಷಿನ ‘ಅಗ್ರೀ’ ನಮ್ಮ ‘ಒಪ್ಪು’ವಿನಂತೆ ಕ್ರಿಯಾಪದ. ಸ್ಪ್ಯಾನಿಷಿನವರು ಒಪ್ಪುವುದಿಲ್ಲ, ಒಪ್ಪಿಗೆಯಲ್ಲಿ ಇರುತ್ತಾರೆ: ‘ಎಸ್ತೋಯ್ ದೆ ಅಕ್ವೆರ್ದೊ.’ ಒಂದು ಸ್ಥಿತಿ ಅದು. ಆದ್ದರಿಂದಲೇ ಸ್ಪ್ಯಾನಿಷ್ ನುಡಿಯುವವರು ಇಂಗ್ಲಿಷ್ ಕಲಿಯುವಾಗ ‘ಐ ಆಮ್ ಅಗ್ರೀ’ ಎಂದು ತಪ್ಪು ಮಾಡುತ್ತಾರೆ. ತಮ್ಮ ‘ಎಸ್ತೋಯ್’ ಅನ್ನು ಹೊತ್ತು ತರುತ್ತಾರೆ. ನಮ್ಮ ಹುಡುಗ ಮಾಡಿದ್ದೂ ಅದೇ, ದಿಕ್ಕು ಮಾತ್ರ ಬೇರೆ. ‘ಅಕ್ವೆರ್ದೊ’ದ ಮೂಲ ಲ್ಯಾಟಿನಿನಲ್ಲಿ ಹೃದಯ ಎಂಬ ಪದ. ಅದರಿಂದಲೇ ‘ಮೆ ಅಕ್ವೆರ್ದೊ’ ಎಂದರೆ ‘ನನಗೆ ನೆನಪಿದೆ’. ಇಂಗ್ಲಿಷಿನ ‘ಅಗ್ರೀ’ ಹಳೆಯ ಫ್ರೆಂಚಿನ ಮೂಲಕ ಬಂದದ್ದು, ಮೂಲದಲ್ಲಿ ‘ಹಿತವಾದದ್ದು’ ಎಂಬ ಅರ್ಥ. ‘ಹಲಸಿನ ಹಣ್ಣು ನನಗೆ ಅಗ್ರೀ ಆಗುವುದಿಲ್ಲ’ ಎಂದು ನಮ್ಮವರೂ ಹೇಳುತ್ತಾರಲ್ಲ, ಅದು ಆ ಹಳೆಯ ಅರ್ಥದ ಉಳಿಕೆಯೇ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿದ್ದು. ಎದುರಿನವರು ಸರಿಯಾದದ್ದನ್ನು ಹೇಳಿದಾಗ ಇಂಗ್ಲಿಷಿನಲ್ಲಿ ‘ಯು ಆರ್ ರೈಟ್’, ನೀವು ಸರಿ. ಸ್ಪ್ಯಾನಿಷಿನಲ್ಲಿ ‘ತಿಯೆನೆಸ್ ರಾಸೋನ್’, ನಿನ್ನಲ್ಲಿ ನ್ಯಾಯವಿದೆ. ಕನ್ನಡದಲ್ಲಿ ‘ನೀವು ಹೇಳುವುದು ಸರಿ’. ನೋಡಿ, ಇಂಗ್ಲಿಷಿನಲ್ಲಿ ಸರಿಯಾಗುವುದು ಮನುಷ್ಯ. ಕನ್ನಡದಲ್ಲಿ ಸರಿಯಾಗುವುದು ಅವನ ಮಾತು. ಸ್ಪ್ಯಾನಿಷಿನಲ್ಲಿ ಸರಿ ಎಂಬುದು ಕೈಯಲ್ಲಿರುವ ಒಂದು ವಸ್ತು, ಅದನ್ನು ಕೊಡಲೂಬಹುದು. ವಾದದಲ್ಲಿ ಎದುರಿನವರನ್ನು ಒಪ್ಪಿಕೊಳ್ಳುವುದಕ್ಕೆ ‘ದಾರ್ ಲಾ ರಾಸೋನ್’ ಎನ್ನುತ್ತಾರೆ, ನ್ಯಾಯವನ್ನು ಅವರಿಗೆ ಕೊಡುವುದು. ಈ ಮೂರರಲ್ಲಿ ನನಗೆ ಕನ್ನಡದ ಕ್ರಮವೇ ಮೇಲೆಂದು ತೋರುತ್ತದೆ. ಮಾತು ತಪ್ಪಾದರೆ ಮನುಷ್ಯ ತಪ್ಪಾಗಬೇಕಿಲ್ಲವಲ್ಲ! ಪಕ್ಷಪಾತ ಎಂದು ನೀವು ಹೇಳಿದರೆ, ತಿಯೆನೆಸ್ ರಾಸೋನ್.

ಈಗ ಒಂದು ಗಂಭೀರ ವಿಷಯ. ಒಪ್ಪಿಗೆಯ ಮಾತಿನಲ್ಲಿ ಅತಿ ಹೆಚ್ಚು ಅಪಾಯವಿರುವುದು ಉದ್ದುದ್ದ ವಾಕ್ಯಗಳಲ್ಲಲ್ಲ. ಹೌದು, ಇಲ್ಲ ಎಂಬ ಎರಡು ಸಣ್ಣ ಪದಗಳಲ್ಲಿ.

ನಾನು ಆಗಷ್ಟೇ ಪದವಿ ಮುಗಿಸಿದ್ದೆ. ಒಂದು ಶಾಲೆಯಲ್ಲಿ ಸಂದರ್ಶನ, ಹೆಸರು ಬೇಡ. ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಅಧ್ಯಕ್ಷರಾಗಿದ್ದವರು ‘ಡು ಯು ಮೈಂಡ್ ಟೀಚಿಂಗ್ ದ ಲೋವರ್ ಕ್ಲಾಸಸ್?’ ಎಂದರು. ಕೆಳಗಿನ ತರಗತಿಗಳಿಗೆ ಪಾಠ ಮಾಡಲು ಸಿದ್ಧವೋ ಎಂದು ಕೇಳುತ್ತಿದ್ದಾರೆಂದು ತಿಳಿದು ನಾನು ಬಹಳ ವಿನಯದಿಂದ ‘ಯೆಸ್ ಸರ್, ಯೆಸ್ ಸರ್’ ಎಂದೆ. ಎರಡು ಸಲ. ಅವರ ಮುಖ ಗಂಟಾಯಿತು. ಕೆಲಸ ಸಿಗಲಿಲ್ಲ. ‘ಮೈಂಡ್’ ಎಂದರೆ ‘ಬೇಸರವೇ, ಆಕ್ಷೇಪವೇ’ ಎಂಬ ಅರ್ಥ. ಸಿದ್ಧನಿದ್ದರೆ ‘ನೋ’ ಎನ್ನಬೇಕು ಎಂದು ಬಸ್ಸಿನಲ್ಲಿ ಬರುವಾಗ ಹಿರಿಯರೊಬ್ಬರು ಬಿಡಿಸಿ ಹೇಳಿದರು. ಸ್ಪ್ಯಾನಿಷಿನಲ್ಲೂ ಇದೇ ಗುಂಡಿ ಇದೆ. ‘ತೆ ಇಂಪೋರ್ತಾ?’ ಎಂದು ಕಿಟಕಿ ತೆರೆಯಲು ಅನುಮತಿ ಕೇಳಿದರೆ, ‘ಸಿ’ ಎಂದವನು ತೆರೆಯಬೇಡ ಎಂದ ಹಾಗೆ, ‘ನೊ’ ಎಂದವನು ತೆರೆ ಎಂದ ಹಾಗೆ.

ನಿಷೇಧದ ಪ್ರಶ್ನೆ ಬಂದಾಗ ತೊಡಕು ಇನ್ನೂ ಹೆಚ್ಚು. ‘ನೀವು ನಾಳೆ ಬರುವುದಿಲ್ಲವೇ?’ ಎಂದು ಕೇಳಿದರೆ ಕನ್ನಡದಲ್ಲಿ ‘ಹೌದು, ಬರುವುದಿಲ್ಲ’ ಎನ್ನಬಹುದು. ಅಂದರೆ ನೀವು ಹೇಳಿದ ಮಾತು ನಿಜ ಎಂದು. ‘ಇಲ್ಲ, ಬರುವುದಿಲ್ಲ’ ಎಂದೂ ಹೇಳುತ್ತೇವೆ. ಅಷ್ಟೇ ಅಲ್ಲ, ‘ಇಲ್ಲ ಇಲ್ಲ, ಬರುತ್ತೇನೆ’ ಎಂದೂ ಹೇಳುತ್ತೇವೆ! ನಮ್ಮಲ್ಲಿ ‘ಹೌದು’ ‘ಇಲ್ಲ’ಗಳು ಗಾಳಿಪಟದ ಹಾಗೆ, ದಾರ ಇರುವುದು ಹಿಂದೆ ಬರುವ ಕ್ರಿಯಾಪದದ ಕೈಯಲ್ಲಿ. ‘ಬರ್ತೀರಾ?’ ಎಂದರೆ ‘ಬರ್ತೇನೆ’ ಎಂದು ಉತ್ತರ ಕೊಡುವ ಜನ ನಾವು. ‘ಹೌದು’ ಎಂಬುದು ಕೂಡ ಮೂಲದಲ್ಲಿ ‘ಅಹುದು’, ಆಗು ಎಂಬ ಧಾತುವಿನಿಂದ ಬಂದ ಕ್ರಿಯಾರೂಪವೇ. ಮೇಲಾಗಿ ನಮಗೆ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ತುಳುವಿನಲ್ಲಿ ‘ಅತ್ತ್’ ಬೇರೆ, ‘ಇಜ್ಜಿ’ ಬೇರೆ. ಇದು ಮಾವಿನ ಮರ ಅಲ್ಲ ಎನ್ನುವುದಕ್ಕೂ ಇಲ್ಲಿ ಮಾವಿನ ಮರ ಇಲ್ಲ ಎನ್ನುವುದಕ್ಕೂ ಇಂಗ್ಲಿಷಿನವರು, ಸ್ಪ್ಯಾನಿಷಿನವರು ಒಂದೇ ‘ನೊ’ ಇಟ್ಟುಕೊಂಡಿದ್ದಾರೆ.

ಇಂಗ್ಲಿಷಿನಲ್ಲಿ ‘ಆರಂಟ್ ಯು ಕಮಿಂಗ್?’ ಎಂದಾಗ ‘ಯೆಸ್’ ಎಂದರೆ ಬರುತ್ತೇನೆ, ‘ನೋ’ ಎಂದರೆ ಬರುವುದಿಲ್ಲ. ಕೇಳಿದವರ ಮಾತು ನಿಜವೋ ಸುಳ್ಳೋ ಎಂಬುದು ಲೆಕ್ಕಕ್ಕಿಲ್ಲ. ಸ್ಪ್ಯಾನಿಷಿನಲ್ಲೂ ಹೆಚ್ಚುಕಡಿಮೆ ಹೀಗೆಯೇ. ‘ನೊ ಬಿಯೆನೆಸ್?’, ನೀನು ಬರುವುದಿಲ್ಲವೇ? ಬಾರದವನು ‘ನೊ’ ಎನ್ನುತ್ತಾನೆ. ಬರುವವನು ಬರೇ ‘ಸಿ’ ಎಂದು ಬಿಡದೆ, ‘ಕ್ಲಾರೊ ಕೆ ಸಿ’ ಎಂದೋ ‘ಸಿ ಕೆ ಬೋಯ್’ ಎಂದೋ ಒತ್ತು ಕೊಡುವುದುಂಟು. ಖಂಡಿತ ಬರುತ್ತೇನೆ ಎಂದ ಹಾಗೆ. ‘ಕ್ಲಾರೊ’ ಎಂದರೆ ತಿಳಿಯಾದದ್ದು, ಸ್ಪಷ್ಟವಾದದ್ದು.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಈ ತೊಡಕಿಗೆ ಮದ್ದು ಇತ್ತು. ಸಾದಾ ಪ್ರಶ್ನೆಗೆ ‘ಯೇ’ ಮತ್ತು ‘ನೇ’, ನಿಷೇಧದ ಪ್ರಶ್ನೆಗೆ ‘ಯೆಸ್’ ಮತ್ತು ‘ನೋ’ ಎಂದು ನಾಲ್ಕು ಪದಗಳಿದ್ದವು. ವಿಲಿಯಂ ಟಿಂಡೇಲ್ ತನ್ನ ಅನುವಾದದಲ್ಲಿ ‘ನೇ’ ಎನ್ನಬೇಕಾದಲ್ಲಿ ‘ನೋ’ ಎಂದು ಬರೆದದ್ದಕ್ಕೆ ಸರ್ ಥಾಮಸ್ ಮೋರ್ 1532ರಲ್ಲಿ ಅಚ್ಚಾದ ತನ್ನ ಖಂಡನ ಗ್ರಂಥದಲ್ಲಿ ಪಾಠ ಹೇಳಿದ್ದಾನೆ. ತಮಾಷೆಯೆಂದರೆ ನಿಯಮವನ್ನು ವಿವರಿಸುವಾಗ ಮೋರ್ ಕೂಡ ಪದಗಳನ್ನು ಅದಲುಬದಲು ಮಾಡಿಕೊಂಡಿದ್ದಾನೆ! ಕಲಿತವರೇ ಹೀಗೆ ಎಡವಿದ ಮೇಲೆ ಆ ಭೇದ ಉಳಿಯುವುದೆಲ್ಲಿಂದ? ಸವೆದುಹೋಯಿತು. ಫ್ರೆಂಚ್, ಜರ್ಮನ್, ಡಚ್ ಭಾಷೆಗಳಲ್ಲಿ ನಿಷೇಧದ ಪ್ರಶ್ನೆಯನ್ನು ಅಲ್ಲಗಳೆಯುವ ಬೇರೆಯೇ ‘ಹೌದು’ ಈಗಲೂ ಇದೆ. ಡಚ್ಚಿನಲ್ಲಿ ಅದು ‘ಯಾವೆಲ್’. ಈ ಪದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅದಕ್ಕೆ ಮೊದಲು, ಒಪ್ಪದಿರುವುದರ ರೀತಿನೀತಿ. ಆನಿಟಾ ಪೊಮೆರಾಂಟ್ಸ್ ಎಂಬ ವಿದುಷಿ ಇಂಗ್ಲಿಷಿನ ಸಹಜ ಮಾತುಕತೆಗಳನ್ನು ಧ್ವನಿಮುದ್ರಿಸಿ ಪರೀಕ್ಷಿಸಿ 1984ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒಪ್ಪಿಗೆ ತಟ್ಟನೆ ಬರುತ್ತದೆ. ಎದುರಿನವರ ಮಾತು ಮುಗಿಯುವ ಹೊತ್ತಿಗೆ ಬಾಯಲ್ಲಿರುತ್ತದೆ. ಒಪ್ಪದ ಮಾತು ತಡವಾಗಿ ಬರುತ್ತದೆ. ಮೊದಲು ಒಂದು ಮೌನ, ಆಮೇಲೆ ‘ವೆಲ್...’ ಎಂಬ ಎಳೆತ, ಆಮೇಲೆ ‘ಹೌದು, ಆದರೆ’. ಇದಕ್ಕೊಂದು ಅಪವಾದವನ್ನೂ ಅವರು ತೋರಿಸಿದರು. ಯಾರಾದರೂ ತಮ್ಮನ್ನು ತಾವೇ ಹೀಗಳೆದುಕೊಂಡರೆ ಆಗ ತಟ್ಟನೆ ಬರಬೇಕಾದದ್ದು ಅಲ್ಲಗಳೆಯುವ ಮಾತು. ‘ನನ್ನ ಅಡುಗೆ ಇವತ್ತು ಕೆಟ್ಟಿತು’ ಎಂದು ಅತ್ತಿಗೆ ಹೇಳಿದಾಗ ಒಂದು ಕ್ಷಣ ಸುಮ್ಮನೆ ಕುಳಿತು ನೋಡಿ, ತಿಳಿಯುತ್ತದೆ.

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಸಭ್ಯತೆಯ ಮಾತಿನ ಬಗ್ಗೆ ಬರೆದ ಪ್ರಸಿದ್ಧ ಗ್ರಂಥವೂ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳುತ್ತದೆ: ಜನ ಒಪ್ಪಿಗೆಯನ್ನು ಹುಡುಕುತ್ತಾರೆ, ಭಿನ್ನಮತವನ್ನು ಆದಷ್ಟು ತಪ್ಪಿಸುತ್ತಾರೆ. ಅವರು ಆಧಾರಕ್ಕೆ ಆರಿಸಿಕೊಂಡ ಮೂರು ಭಾಷೆಗಳು ಇಂಗ್ಲಿಷ್, ಮೆಕ್ಸಿಕೋದ ಮೂಲನಿವಾಸಿಗಳ ತ್ಸೆಲ್ತಾಲ್, ಮತ್ತು ನಮ್ಮ ನೆರೆಯ ತಮಿಳು. ತಮಿಳಿನ ಸಾಮಗ್ರಿ ಕೊಯಮತ್ತೂರು ಜಿಲ್ಲೆಯ ಒಂದು ಹಳ್ಳಿಯದು. ತಾಳವಾಡಿಯವರಿಗೂ ನೀಲಗಿರಿಯವರಿಗೂ ಅದು ಪಕ್ಕದ ಮನೆಯ ಸುದ್ದಿ.

ಇಂಗ್ಲಿಷಿನವರ ಭಿನ್ನಮತಕ್ಕೆ ಹತ್ತಿ ಸುತ್ತಿರುತ್ತದೆ. ‘ಐ ಸೀ ಯುವರ್ ಪಾಯಿಂಟ್’ ಎಂದು ಹೇಳಿದವರು ನಿಮ್ಮನ್ನು ಒಪ್ಪಿಲ್ಲ. ನಿಮ್ಮ ಮಾತು ಅರ್ಥವಾಗಿದೆ, ಅಷ್ಟೆ. ‘ವಿತ್ ರೆಸ್ಪೆಕ್ಟ್’ ಎಂದು ಶುರುವಾದರೆ ಮುಂದೆ ಬರುವುದು ಪೆಟ್ಟು. ‘ಐ ಡೋಂಟ್ ಥಿಂಕ್ ಹಿ ವಿಲ್ ಕಮ್’ ಎಂಬಲ್ಲಿ ‘ಬರುವುದಿಲ್ಲ’ ಎನ್ನುವ ಬದಲು ‘ಬರುತ್ತಾನೆಂದು ನನಗೆ ಅನ್ನಿಸುವುದಿಲ್ಲ’ ಎಂದು ನಿಷೇಧವನ್ನು ತಮ್ಮ ತಲೆಯ ಮೇಲೆಯೇ ಹಾಕಿಕೊಳ್ಳುತ್ತಾರೆ. ನಾವೂ ಹಾಗೆ ಮಾಡುತ್ತೇವೆ. ಸ್ಪ್ಯಾನಿಷಿನಲ್ಲಿ ಇದರೊಂದಿಗೆ ಕ್ರಿಯಾಪದದ ರೂಪವೇ ಬದಲಾಗುತ್ತದೆ. ‘ಕ್ರೆಯೊ ಕೆ ಬಿಯೆನೆ’, ಬರುತ್ತಾನೆಂದು ನಂಬುತ್ತೇನೆ. ‘ನೊ ಕ್ರೆಯೊ ಕೆ ಬೆಂಗಾ’, ಬರುತ್ತಾನೆಂದು ನಂಬುವುದಿಲ್ಲ. ನಂಬಿಕೆ ಹೋದೊಡನೆ ‘ಬಿಯೆನೆ’ ಹೋಗಿ ‘ಬೆಂಗಾ’ ಬಂತು. ನಮ್ಮ ಸಂಭಾವನಾರ್ಥಕ ‘ಬಂದಾನು’ ನೆನಪಾಗುತ್ತದೆ, ಆದರೆ ಎರಡೂ ಒಂದೇ ಅಲ್ಲ. ವ್ಯಾಕರಣದ ಈ ಮೂಲೆಯಲ್ಲಿ ಹೆಚ್ಚು ಹೊತ್ತು ನಿಂತರೆ ನೀವು ರೇಡಿಯೋ ನಿಲ್ಲಿಸಿಬಿಟ್ಟೀರಿ.

ಸ್ಪೇನಿನಲ್ಲಿ ಗೆಳೆಯರ ನಡುವಿನ ಭಿನ್ನಮತಕ್ಕೆ ಇಷ್ಟೊಂದು ಹತ್ತಿ ಬೇಕಿಲ್ಲ. ‘ಕೆ ಬಾ!’ ಎಂದರೆ ‘ಎಲ್ಲಿಯ ಮಾತು!’ ‘ನಿ ಅಬ್ಲಾರ್’ ಎಂದರೆ ಅಕ್ಷರಶಃ ‘ಆ ಮಾತೇ ಬೇಡ’. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕಿ ‘ನೊ, ನೊ, ನೊ’ ಎಂದರೂ ಯಾರೂ ಕೋಪಿಸಿಕೊಳ್ಳುವುದಿಲ್ಲ ಎಂದು ಸೋದರಳಿಯ ಹೇಳಿದ. ನಮ್ಮ ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದ ಅವನಿಗೆ ಅದು ಬಹಳ ಹಿಡಿಸಿತಂತೆ. ಆದರೆ ಸ್ಪೇನಿನಲ್ಲಿ ನಡೆದದ್ದು ಮೆಕ್ಸಿಕೋದಲ್ಲಿಯೂ ನಡೆಯುತ್ತದೆ ಎಂದುಕೊಳ್ಳಬಾರದು ಎಂದೂ ಅವನೇ ಎಚ್ಚರಿಸಿದ. ಪದಗಳೂ ಬೇರೆ. ‘ಸರಿ, ಆಗಲಿ’ ಎನ್ನಲು ಸ್ಪೇನಿನವರಿಗೆ ‘ಬಾಲೆ’, ಅರ್ಜೆಂಟೀನಾದವರಿಗೆ ‘ದಾಲೆ’, ಮೆಕ್ಸಿಕೋದವರಿಗೆ ‘ಓರಾಲೆ’. ಬರೆಯುವಾಗ ‘ವಾಲೆ’, ನುಡಿಯುವಾಗ ‘ಬಾಲೆ’. ಮಾತಿಗೊಮ್ಮೆ ‘ಬಾಲೆ, ಬಾಲೆ’ ಎನ್ನುವುದನ್ನು ಕೇಳಿ, ಮಗುವನ್ನು ಬಾಲೆ ಎನ್ನುವ ತುಳುವರ ಊರಿನ ಈ ಹುಡುಗ ಮೊದಲ ದಿನ ಮಗು ಎಲ್ಲಿದೆ ಎಂದು ನೋಡಿದನಂತೆ.

ಈ ‘ಬಾಲೆ’, ಇಂಗ್ಲಿಷಿನ ‘ಓಕೆ’, ನಮ್ಮ ‘ಹೂಂ’, ಇವುಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ‘ಒಪ್ಪಿದೆ’ ಎಂದೂ ಅರ್ಥವಾಗಬಹುದು. ‘ಕೇಳಿಸಿತು, ಮುಂದೆ ಹೇಳು’ ಎಂದೂ ಅರ್ಥವಾಗಬಹುದು. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಮಗು ರಾಕ್ಷಸನ ಕೆಲಸವನ್ನು ಒಪ್ಪಿತು ಎಂದು ಯಾರೂ ತಿಳಿಯುವುದಿಲ್ಲ. ಆದರೆ ಕಥೆಯ ಹೊರಗೆ?

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರಿಫ್. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಹಲವು ವಿಮಾನಗಳನ್ನು ಇಲ್ಲಿನ ಸಣ್ಣ ನಿಲ್ದಾಣಕ್ಕೆ ತಿರುಗಿಸಿದ್ದರು. ದಟ್ಟ ಮಂಜು. ಓಡುದಾರಿಯ ಒಂದು ತುದಿಯಲ್ಲಿ ಡಚ್ ಕಂಪೆನಿಯ ಜಂಬೋ ವಿಮಾನ. ಅದೇ ಓಡುದಾರಿಯಲ್ಲಿ ಎದುರಿನಿಂದ ನಿಧಾನವಾಗಿ ಬರುತ್ತಿದ್ದ ಅಮೆರಿಕದ ಪ್ಯಾನ್ ಅಮ್ ಜಂಬೋ. ಯಾರಿಗೂ ಯಾರೂ ಕಾಣಿಸುವುದಿಲ್ಲ. ಗೋಪುರದಲ್ಲಿ ಸ್ಪ್ಯಾನಿಷ್ ಮಾತೃಭಾಷೆಯ ನಿಯಂತ್ರಕ, ವಿಮಾನದಲ್ಲಿ ಡಚ್ ಮಾತೃಭಾಷೆಯ ಚಾಲಕರು, ನಡುವೆ ಇಬ್ಬರದೂ ಅಲ್ಲದ ಇಂಗ್ಲಿಷ್. ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬಂತಹ ಮಾತು ಡಚ್ ವಿಮಾನದಿಂದ ಬಂತು. ಹೊರಟು ನಿಂತಿದ್ದೇವೆ ಎಂದೋ, ಹೊರಟೇಬಿಟ್ಟೆವು ಎಂದೋ? ಗೋಪುರದಿಂದ ‘ಓಕೆ’ ಎಂದು ಉತ್ತರ. ಅದರ ಹಿಂದೆಯೇ, ಕಾಯಿರಿ, ನಾನು ಕರೆಯುತ್ತೇನೆ ಎಂಬ ಮಾತು. ಆದರೆ ಅದೇ ಕ್ಷಣಕ್ಕೆ ಪ್ಯಾನ್ ಅಮ್‌ನವರೂ ನಾವಿನ್ನೂ ಓಡುದಾರಿಯಲ್ಲಿದ್ದೇವೆ ಎಂದು ಹೇಳತೊಡಗಿದರು. ಎರಡು ಧ್ವನಿಗಳು ಡಿಕ್ಕಿ ಹೊಡೆದು ಡಚ್ ವಿಮಾನದೊಳಗೆ ಕಿರುಗುಟ್ಟುವ ಸದ್ದು ತುಂಬಿತು. ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಒಂದೇ.

ಆಗ ಡಚ್ ವಿಮಾನದ ಇಂಜಿನಿಯರ್ ತಮ್ಮ ಭಾಷೆಯಲ್ಲಿ ಕೇಳಿದರು: ಆ ಪ್ಯಾನ್ ಅಮ್ ಓಡುದಾರಿ ಬಿಟ್ಟಿಲ್ಲವೇ? ನಿಷೇಧದ ಪ್ರಶ್ನೆ. ಉತ್ತರ ‘ಯಾವೆಲ್’ ಎಂದು ಬಂತು, ಒತ್ತಿ ಹೇಳಿದ್ದು. ಭಾಷೆಯ ದೃಷ್ಟಿಯಿಂದ ಸಂದಿಗ್ಧವೇ ಇಲ್ಲದ ಪದ: ಬಿಟ್ಟಿದೆ, ಬಿಟ್ಟಿದೆ. ಮಾತು ಸ್ಪಷ್ಟ, ಆದರೆ ಸುಳ್ಳು. ಹಿರಿಯ ಕ್ಯಾಪ್ಟನ್ ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಇನ್ನೊಮ್ಮೆ ‘ಇಲ್ಲ’ ಎನ್ನುವ ಮಾತು ಆ ಕೋಣೆಯಲ್ಲಿ ಹುಟ್ಟಲಿಲ್ಲ. ಎರಡು ವಿಮಾನಗಳಿಂದ ಸತ್ತವರು 583 ಮಂದಿ. ವಿಮಾನಯಾನದ ಚರಿತ್ರೆಯಲ್ಲಿ ಅಪಘಾತವೊಂದರಲ್ಲಿ ಅಷ್ಟು ಜೀವಗಳು ಹೋದದ್ದು ಬೇರೊಂದಿಲ್ಲ. ಮಂಜು, ಅವಸರ, ಇಕ್ಕಟ್ಟಾದ ನಿಲ್ದಾಣ, ಕಾರಣಗಳು ಹಲವು. ಮಾತೊಂದೇ ಎಂದು ನಾನು ಹೇಳುವುದಿಲ್ಲ. ಆದರೆ ಅದರ ಬಳಿಕ ನಿಯಮಗಳು ಬಿಗಿಯಾದವು. ‘ಟೇಕಾಫ್’ ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು. ಆಜ್ಞೆಗೆ ‘ಓಕೆ’ ಎಂದರೆ ಸಾಲದು, ಮುಖ್ಯ ಭಾಗವನ್ನು ಮರಳಿ ಓದಿ ಹೇಳಬೇಕು. ವಿಮಾನದ ಭಾಷೆಯಲ್ಲಿ ‘ರೋಜರ್’ ಎಂದರೆ ಕೇಳಿಸಿತು ಎಂದು ಮಾತ್ರ. ಮಾಡುತ್ತೇನೆ ಎನ್ನಲು ‘ವಿಲ್ಕೊ’ ಎಂಬ ಬೇರೆಯೇ ಪದ.

ಹಡಗಿನವರಿಗೂ ಇಂಥ ವ್ಯವಸ್ಥೆ ಇದೆ. ಅಂತಾರಾಷ್ಟ್ರೀಯ ಸಾಗರ ಸಂಸ್ಥೆ 2001ರಲ್ಲಿ ಸಮುದ್ರದ ಮಾತುಕತೆಗೆ ಪ್ರಮಾಣಬದ್ಧ ಇಂಗ್ಲಿಷ್ ವಾಕ್ಯಗಳ ಸಂಗ್ರಹವೊಂದನ್ನು ಅಂಗೀಕರಿಸಿತು. ಅದರ ನಿಯಮಗಳಲ್ಲೊಂದು ನನಗೆ ಅತ್ಯಂತ ಕನ್ನಡದ್ದೆಂದು ಕಾಣುತ್ತದೆ. ಪ್ರಶ್ನೆಗೆ ಉತ್ತರ ‘ಯೆಸ್’ ಆದರೆ ಬರೇ ‘ಯೆಸ್’ ಎನ್ನಬಾರದು. ಹಿಂದೆ ಇಡೀ ವಾಕ್ಯವನ್ನು ಹೇಳಬೇಕು. ‘ನೋ’ ಆದರೂ ಅಷ್ಟೆ. ಅಂದರೆ ‘ಬರ್ತೀರಾ?’ ಎಂದರೆ ‘ಬರ್ತೇನೆ’ ಎನ್ನುವ ನಮ್ಮ ಅಜ್ಜಿಯ ಕ್ರಮ! ಇಷ್ಟು ವರ್ಷ ನಾನು ತರಗತಿಯಲ್ಲಿ ‘ಯೆಸ್ ಅಂದರೆ ಸಾಕು ಮಾರಾಯ, ಪೂರಾ ವಾಕ್ಯ ಬೇಡ’ ಎಂದು ಮಕ್ಕಳನ್ನು ತಿದ್ದಿದವನು.

ನಮ್ಮ ಹುಡುಗ ಈಗ ಹಡಗಿನಲ್ಲಿ ಇಡೀ ವಾಕ್ಯದಲ್ಲೇ ಉತ್ತರ ಕೊಡುತ್ತಾನೆ. ‘ಆ ಮಿ ತಾಂಪೋಕೊ’ ಕೂಡ ಸಲೀಸಾಗಿ ಬರುತ್ತದೆ. ಆದರೆ ಮನೆಯ ಮಾತಿನಲ್ಲಿ ಒಂದು ಎಡವಟ್ಟು ಶುರುವಾಗಿದೆ. ಕಳೆದ ದೀಪಾವಳಿಗೆ ಮೊದಲು ನನ್ನ ತಂಗಿ ಫೋನಿನಲ್ಲಿ ಅವನನ್ನು ಕೇಳಿದಳು: ‘ಈ ಸಲವೂ ನೀನು ಹಬ್ಬಕ್ಕೆ ಬರುವುದಿಲ್ಲವಾ?’ ‘ಹೌದು’ ಎಂದ ಅವನು. ಅಷ್ಟರಲ್ಲಿ ಫೋನು ಕಡಿಯಿತು. ಅವನು ಇಂಗ್ಲಿಷಿನ ‘ಯೆಸ್’ ಅನ್ನು, ಸ್ಪ್ಯಾನಿಷಿನ ‘ಸಿ’ಯನ್ನು ಮನಸ್ಸಿನಲ್ಲಿಟ್ಟು ‘ಬರುತ್ತೇನೆ’ ಎಂದಿದ್ದ. ಇವಳು ಕನ್ನಡದ ‘ಹೌದು’ ಕೇಳಿ ‘ಬರುವುದಿಲ್ಲ’ ಎಂದು ತಿಳಿದು, ಸೆರಗಿನಲ್ಲಿ ಕಣ್ಣೊರಸಿಕೊಂಡು ಸುಮ್ಮನಾದಳು. ಹಬ್ಬದ ಹಿಂದಿನ ಸಂಜೆ ಅವನು ಪೆಟ್ಟಿಗೆ ಹಿಡಿದುಕೊಂಡು ಅಂಗಳದಲ್ಲಿ ಬಂದು ನಿಂತಾಗ ಮನೆಯಲ್ಲಿ ದೋಸೆಗೆ ಒಂದು ಹಿಡಿ ಅಕ್ಕಿಯನ್ನೂ ನೆನೆಹಾಕಿರಲಿಲ್ಲ.